ಮುಂಬೈಯ ಕನ್ನಡ ಮಕ್ಕಳಿಂದ ‘ಫಿಡ್ಲರ್ ಆನ್ ದಿ ರೂಫ್’ ಆಡಿಸುವುದು ಹೇಗೆ

ಶಾಲೆಯ ವಾರ್ಷಿಕೋತ್ಸವ ಅಂದರೆ ಒಂದು ಕೋಲಾಟ, ಒಂದು ಕಂಸಾಳೆ, ಕೊನೆಗೆ 20 ನಿಮಿಷದ ನಗೆನಾಟಕ. ನಮ್ಮ ಮುಂಬೈ ಸಂಘಗಳ ಯುವ ವಿಭಾಗದಲ್ಲೂ ಹೆಚ್ಚುಕಡಿಮೆ ಇದೇ. ತಪ್ಪೇನಿಲ್ಲ. ಆದರೆ ನಿಮ್ಮ ಹತ್ತಿರ ಹಾಡುವ ಮಕ್ಕಳಿದ್ದು, ಅರ್ಧ ವರ್ಷ ತಾಲೀಮು ನಡೆಸುವ ಹುಮ್ಮಸ್ಸೂ ಇದ್ದರೆ ‘ಫಿಡ್ಲರ್ ಆನ್ ದಿ ರೂಫ್’ ಅನ್ನುವ ಅಮೆರಿಕದ ಸಂಗೀತ ನಾಟಕವನ್ನು ಕೈಗೆತ್ತಿಕೊಳ್ಳಿ. ಐದು ಹೆಣ್ಣುಮಕ್ಕಳ ಅಪ್ಪ, ಮನೆ ತುಂಬ ಕೆಲಸ, ಮದುವೆ ಮಾತುಕತೆ, ಊರಿಗೆ ಊರೇ ಸೇರಿ ಹಾಡುವ ಹಾಡು. 30 ಮಕ್ಕಳಿದ್ದರೆ 30 ಮಕ್ಕಳಿಗೂ ಇದರಲ್ಲಿ ಜಾಗ ಇದೆ. 8ನೇ ಕ್ಲಾಸಿನಿಂದ ಜೂನಿಯರ್ ಕಾಲೇಜಿನವರೆಗಿನ ಮಕ್ಕಳು ಇದನ್ನು ಚೆನ್ನಾಗಿ ಮಾಡಬಲ್ಲರು.

ಮೊದಲು ಕಥೆ ಗೊತ್ತಿರಲಿ. 1905ರ ರಷ್ಯಾ ಸಾಮ್ರಾಜ್ಯದ ಅನಾತೆವ್ಕಾ ಅನ್ನುವ ಹಳ್ಳಿ. ತೆವ್ಯೆ ಅಲ್ಲಿ ಹಾಲು ಮಾರುವವನು, ಯಹೂದಿ, ಬಡವ. ಹೆಂಡತಿ ಗೋಲ್ಡೆ. ದೊಡ್ಡ ಮಗಳು ಝೈಟೆಲ್‌ಗೆ ಮದುವೆ ದಲ್ಲಾಳಿ ಯೆಂಟೆ ಶ್ರೀಮಂತ ಕಟುಕನ ಸಂಬಂಧ ತರುತ್ತಾಳೆ, ಆದರೆ ಹುಡುಗಿಗೆ ಬೇಕಾಗಿರುವುದು ಬಡ ದರ್ಜಿ ಮೋಟೆಲ್. ಎರಡನೆಯವಳು ಹೋಡೆಲ್, ಕ್ರಾಂತಿಯ ಮಾತಾಡುವ ವಿದ್ಯಾರ್ಥಿ ಪೆರ್ಚಿಕ್‌ನನ್ನು ಮೆಚ್ಚುತ್ತಾಳೆ. ಅವರು ಅಪ್ಪನ ಒಪ್ಪಿಗೆ ಕೇಳುವುದಿಲ್ಲ, ಆಶೀರ್ವಾದ ಮಾತ್ರ ಕೇಳುತ್ತಾರೆ. ಮೂರನೆಯವಳು ಖಾವಾ. ಅವಳು ಕ್ರೈಸ್ತ ಹುಡುಗನನ್ನು ಮದುವೆಯಾಗುತ್ತಾಳೆ, ಅಲ್ಲಿಗೆ ಅಪ್ಪ ಬಾಗಲಾರದೆ ನಿಂತುಬಿಡುತ್ತಾನೆ. ಕೊನೆಗೆ ಊರಿನ ಯಹೂದಿಗಳೆಲ್ಲ ಮೂರು ದಿನದಲ್ಲಿ ಜಾಗ ಖಾಲಿ ಮಾಡಬೇಕು ಅಂತ ಸರ್ಕಾರದ ಆಜ್ಞೆ ಬರುತ್ತದೆ. ಪೂರ್ವ ಯುರೋಪಿನ ಯಹೂದಿಗಳ ಯಿದ್ದಿಶ್ ಭಾಷೆಯ ಲೇಖಕ ಶೋಲೆಮ್ ಅಲೈಖೆಮ್ 1894ರಿಂದ ಬರೆದ ತೆವ್ಯೆಯ ಕಥೆಗಳಿಂದ ಜೋಸೆಫ್ ಸ್ಟೈನ್ ಈ ನಾಟಕ ಮಾಡಿದರು, ಹಾಡಿನ ಸಾಹಿತ್ಯ ಶೆಲ್ಡನ್ ಹಾರ್ನಿಕ್ ಅವರದು, ಸಂಗೀತ ಜೆರ್ರಿ ಬಾಕ್ ಅವರದು. 1964ರ ಸೆಪ್ಟೆಂಬರ್ 22ರಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಶುರುವಾಗಿ 3,242 ಪ್ರದರ್ಶನ ಕಂಡಿತು.

ಅದನ್ನು ನಿರ್ದೇಶಿಸಿದ ಜೆರೋಮ್ ರಾಬಿನ್ಸ್, ತಯಾರಿಯ ದಿನಗಳಲ್ಲಿ ಬರೆದವರನ್ನು ಮತ್ತೆ ಮತ್ತೆ ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ: ಈ ನಾಟಕ ಯಾವುದರ ಬಗ್ಗೆ? ಹಾಲು ಮಾರುವವನು, ಅವನ ಮಕ್ಕಳ ಮದುವೆ ಅಂದರೆ ಅವರಿಗೆ ಸಾಲುತ್ತಿರಲಿಲ್ಲ. ಕೊನೆಗೆ ಒಂದು ಸಂಪ್ರದಾಯ ಸಡಿಲವಾಗಿ ಕಳಚುವುದರ ಬಗ್ಗೆ ಅಂತ ಉತ್ತರ ಬಂತು, ಹಾಗಾದರೆ ಅದನ್ನೇ ಹಾಡು ಮಾಡಿ ಅಂದರು, ಮೊದಲ ಹಾಡು ಹುಟ್ಟಿತು. ನೀವೂ ಮೊದಲ ದಿನ ಸ್ಕ್ರಿಪ್ಟ್ ಹಂಚಬೇಡಿ. ಇದೇ ಪ್ರಶ್ನೆಯ ಹತ್ತಿರದ್ದೊಂದನ್ನು ಮಕ್ಕಳಿಗೆ ಕೇಳಿ: ನಿಮ್ಮ ಮನೆಯಲ್ಲಿ ಯಾಕೆ ಅಂತ ಗೊತ್ತಿಲ್ಲದೆ ಮಾಡುವ ಕೆಲಸ ಯಾವುದು? ಒಬ್ಬಳು ಅಮಾವಾಸ್ಯೆಗೆ ಕೂದಲು ಕತ್ತರಿಸುವುದಿಲ್ಲ ಅನ್ನುತ್ತಾಳೆ. ಇನ್ನೊಬ್ಬ, ಊರಿನ ಭೂತದ ಕೋಲಕ್ಕೆ ಅಪ್ಪ ಹೋಟೆಲಿಗೆ ರಜೆ ಹಾಕಿಯಾದರೂ ಹೋಗುತ್ತಾರೆ ಅನ್ನುತ್ತಾನೆ. ಬರೆದುಕೊಳ್ಳಲಿ. ಊರಲ್ಲಿರುವ ಅಜ್ಜಿಗೆ ಫೋನ್ ಮಾಡಿ, ನಿಮ್ಮ ಮದುವೆ ಯಾರು ಗೊತ್ತು ಮಾಡಿದ್ದು, ನಿಮ್ಮನ್ನು ಕೇಳಿದ್ದರಾ ಅಂತ ವಿಚಾರಿಸಲಿ. ಆ ಫೋನ್ ಮಾಡಿ ಬಂದ ಮಕ್ಕಳ ಮುಖವೇ ಬೇರೆ ಇರುತ್ತದೆ.

ಇಷ್ಟಾದ ಮೇಲೆ ಒಂದು ಆಸೆ ಎಲ್ಲರಿಗೂ ಬರುತ್ತದೆ. ಇದನ್ನು ಉಡುಪಿಯ ಒಂದು ಹಳ್ಳಿಗೋ ಧಾರವಾಡದ ಕಡೆಗೋ ತಂದುಬಿಡೋಣ, ತೆವ್ಯೆಗೆ ಪಂಚೆ ಉಡಿಸೋಣ, ಯೆಂಟೆ ಜಾತಕ ಹಿಡಿದು ಬರಲಿ. ದಯವಿಟ್ಟು ಬೇಡ. ಅನಾತೆವ್ಕಾ ಅನಾತೆವ್ಕಾದಲ್ಲೇ ಇರಲಿ. ಆ ಜನರನ್ನು ಓಡಿಸಿದ್ದು ಅವರು ಯಹೂದಿಗಳು ಅನ್ನುವ ಕಾರಣಕ್ಕೆ, ಅದನ್ನು ತೆಗೆದರೆ ನಾಟಕದ ಬೆನ್ನೆಲುಬೇ ಹೋಗುತ್ತದೆ. 1967ರಲ್ಲಿ ಟೋಕಿಯೋದಲ್ಲಿ ಇದನ್ನು ಜಪಾನಿ ಭಾಷೆಯಲ್ಲಿ ಆಡಿದಾಗ ಅಲ್ಲಿನ ನಿರ್ಮಾಪಕರು, ಇದು ಇಷ್ಟೊಂದು ಜಪಾನಿನ ಕಥೆ, ಅಮೆರಿಕದವರಿಗೆ ಹೇಗೆ ಅರ್ಥವಾಯಿತು ಅಂತ ಕೇಳಿದರು ಎಂದು ಸ್ಟೈನ್ ಹೇಳಿಕೊಂಡಿದ್ದಾರೆ. ಊರು ಬದಲಾಯಿಸದೆಯೇ ಅವರಿಗೆ ತಮ್ಮ ಮನೆ ಕಂಡಿತ್ತು. ನಮ್ಮ ಮಾಟುಂಗದ ಪ್ರೇಕ್ಷಕರಿಗೂ ಕಾಣುತ್ತದೆ, ನಾವು ಬೆರಳು ಮಾಡಿ ತೋರಿಸುವುದು ಬೇಕಿಲ್ಲ.

ಈಗ ಹಕ್ಕಿನ ವಿಷಯ. ಇದನ್ನು ಮುಂದೂಡಬೇಡಿ. ನಾಟಕ ಇನ್ನೂ ಕಾಪಿರೈಟ್‌ನಲ್ಲಿದೆ. ಹಾರ್ನಿಕ್ ತೀರಿಕೊಂಡಿದ್ದೇ 2023ರಲ್ಲಿ. ಪ್ರದರ್ಶನದ ಲೈಸೆನ್ಸ್ ಕೊಡುವುದು ನ್ಯೂಯಾರ್ಕಿನ ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್. ಪೂರ್ತಿ ನಾಟಕ ಮೂರು ಗಂಟೆಯ ಹತ್ತಿರ ಹೋಗುತ್ತದೆ, ಆದರೆ ಚಿಕ್ಕ ಮಕ್ಕಳಿಗೆಂದೇ ಸುಮಾರು 60 ನಿಮಿಷದ ‘ಜೂನಿಯರ್’ ಆವೃತ್ತಿಯೂ ಅವರಲ್ಲೇ ಸಿಗುತ್ತದೆ. ಹಾಡಿನ ಶ್ರುತಿಯನ್ನು ಎಳೆಯ ಗಂಟಲಿಗೆ ಹೊಂದಿಸಿಯೇ ಕೊಟ್ಟಿರುತ್ತಾರೆ. ಮೊದಲ ಸಲ ಮಾಡುವವರು ಅದನ್ನೇ ತೆಗೆದುಕೊಳ್ಳಿ. ಲೈಸೆನ್ಸ್ ಸಿಕ್ಕಿತು ಅಂತ ಮಾತು ಬದಲಾಯಿಸುವುದು, ದೃಶ್ಯ ಕತ್ತರಿಸುವುದು, ಕನ್ನಡಕ್ಕೆ ಅನುವಾದ ಮಾಡುವುದು, ಇದೆಲ್ಲ ಅದರಲ್ಲಿ ಸೇರುವುದಿಲ್ಲ. ಕನ್ನಡದಲ್ಲಿ ಆಡಬೇಕಾದರೆ ಬೇರೆಯಾಗಿ ಲಿಖಿತ ಅನುಮತಿ ಕೇಳಬೇಕು, ಅದಕ್ಕೆ ಸಮಯ ಹಿಡಿಯುತ್ತದೆ, ಹಾಗಾಗಿ ಬೇಸಿಗೆ ರಜೆಯಲ್ಲೇ ಪತ್ರ ಬರೆಯಿರಿ. ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಶಾಲೆಯವರೇ ಆಡಿ, ಶಾಲೆಯ ಮಕ್ಕಳು, ಸಿಬ್ಬಂದಿ, ಪಾಲಕರು ಮಾತ್ರ ನೋಡುವ ಪ್ರದರ್ಶನಕ್ಕೆ ವಿನಾಯಿತಿ ಇದೆ. ಸಂಘದ ಹಾಲ್ ಹಿಡಿದು ಊರವರನ್ನೆಲ್ಲ ಕರೆದರೆ ಆ ವಿನಾಯಿತಿ ಮುಗಿಯಿತು. ಟಿಕೆಟ್ ಇಟ್ಟು ಸಾರ್ವಜನಿಕವಾಗಿ ಆಡುವುದಾದರೆ ಮಹಾರಾಷ್ಟ್ರದಲ್ಲಿ ಸ್ಕ್ರಿಪ್ಟನ್ನು ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಿಗೆ ಕಳಿಸಿ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಇದನ್ನು ತಿಳಿದ ಹಿರಿಯರು ನಿಮ್ಮ ಸಂಘದಲ್ಲೇ ಒಬ್ಬರಾದರೂ ಇರುತ್ತಾರೆ, ಅವರನ್ನು ಹಿಡಿಯಿರಿ.

ಭಾಷೆಯ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಅನುಮತಿ ಸಿಕ್ಕರೆ ಕನ್ನಡವೇ. ಆದರೆ ಮುಂಬೈಯ ಮಕ್ಕಳ ಕನ್ನಡ ಒಂದೇ ತರಹ ಇಲ್ಲ, ಒಬ್ಬನ ಮನೆಯಲ್ಲಿ ತುಳು, ಇನ್ನೊಬ್ಬಳದು ವಿಜಯಪುರದ ಕನ್ನಡ, ಮಧ್ಯೆ ಹಿಂದಿ, ಮರಾಠಿ ಎರಡೂ ನುಸುಳಿರುತ್ತವೆ. ಎಲ್ಲರಿಗೂ ಒಂದೇ ಸರಳ ಕನ್ನಡ ಕೊಡಿ. ಒಬ್ಬೊಬ್ಬರು ಒಂದೊಂದು ಸೀಮೆಯ ಮಾತು ಆಡಿದರೆ ಪ್ರೇಕ್ಷಕರು ಮಾತಿನ ಧಾಟಿಗೆ ನಗುತ್ತಾರೆ, ವಿಷಯ ತಪ್ಪಿಹೋಗುತ್ತದೆ. ಇಂಗ್ಲಿಷಿನಲ್ಲೇ ಆಡುವುದಾದರೆ ತಾಲೀಮಿನ ಚರ್ಚೆಯಾದರೂ ಕನ್ನಡದಲ್ಲಿ ನಡೆಯಲಿ. ಅಪ್ಪ-ಮಗಳ ಜಗಳ ಅಂದರೆ ಮಕ್ಕಳಿಗೆ ಮೊದಲು ನೆನಪಾಗುವುದು ಮನೆಮಾತು.

ಪಾತ್ರ ಹಂಚುವ ಮೊದಲು ಪಾಲಕರ ಸಭೆ ಕರೆಯಿರಿ. ಕಥೆಯನ್ನು ಪೂರ್ತಿ ಹೇಳಿ, ಮುಖ್ಯವಾಗಿ ಖಾವಾಳ ಮದುವೆಯ ಭಾಗವನ್ನು. ಬೇರೆ ಧರ್ಮದ ಹುಡುಗ ಅಂದ ಕೂಡಲೇ ಕೆಲವರ ಹುಬ್ಬು ಗಂಟಿಕ್ಕುತ್ತದೆ. ಆ ಭಾಗ ಬಿಟ್ಟು ಆಡಿ ಅನ್ನುವವರೂ ಇರುತ್ತಾರೆ. ಬಿಡಬೇಡಿ, ಬಿಡಲು ಲೈಸೆನ್ಸೂ ಒಪ್ಪುವುದಿಲ್ಲ. ನಾಟಕ ಯಾರ ಪರವಾಗಿಯೂ ತೀರ್ಪು ಕೊಡುವುದಿಲ್ಲ, ಅಪ್ಪನ ಸಂಕಟವೂ ಇದೆ, ಮಗಳದೂ ಇದೆ, ಎರಡನ್ನೂ ಮರ್ಯಾದೆಯಿಂದಲೇ ತೋರಿಸುತ್ತೇವೆ ಅಂತ ಹೇಳಿ. ಮುಖಕ್ಕೆ ಮುಖ ಕೊಟ್ಟು ಹೇಳಿದರೆ ಬಹಳಷ್ಟು ಜನ ಒಪ್ಪುತ್ತಾರೆ. ಒಪ್ಪದವರ ಮಕ್ಕಳಿಗೆ ರಂಗದ ಹಿಂದೆ ಕೆಲಸ ಕೊಡಿ, ಅವರನ್ನು ಹೊರಗಿಡಬೇಡಿ.

ತೆವ್ಯೆ ಪಾತ್ರಕ್ಕೆ ದಪ್ಪ ದನಿಯ ಹುಡುಗನನ್ನೇ ಹುಡುಕುತ್ತಾ ಕೂರಬೇಡಿ. ಬೇಕಾಗಿರುವುದು ಕೇಳಿಸಿಕೊಳ್ಳುವ ಹುಡುಗ. ಅವನು ನಾಟಕ ಪೂರ್ತಿ ಇನ್ನೊಬ್ಬರ ಮಾತು ಕೇಳಿ ಬದಲಾಗುತ್ತಾನೆ, ಅದು ಮುಖದಲ್ಲಿ ಕಾಣಬೇಕು. ಆಡಿಷನ್‌ನಲ್ಲಿ ಉದ್ದ ಮಾತು ಹೇಳಿಸುವ ಬದಲು ಒಬ್ಬಳು ಮಗಳಾಗಿ ಏನನ್ನೋ ಕೇಳಲಿ, ಅವನು ಬಾಯಿಬಿಡದೆ ಕೇಳಲಿ. ಎರಡು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಗೋಲ್ಡೆಗೆ ಗಟ್ಟಿ ಹುಡುಗಿ ಬೇಕು, ಕೆಲಸ ಮಾಡುತ್ತಲೇ ಮಾತಾಡಬಲ್ಲವಳು. ಗಂಡ-ಹೆಂಡತಿ 25 ವರ್ಷದ ನಂತರ ನಿನಗೆ ನನ್ನ ಮೇಲೆ ಪ್ರೀತಿ ಇದೆಯಾ ಅಂತ ಕೇಳುವ ಹಾಡೊಂದಿದೆ. 16 ವರ್ಷದವರಿಗೆ ಅದು ಕಷ್ಟ, ನಾಚಿ ನಗುತ್ತಾರೆ. ನಿಮ್ಮ ಅಪ್ಪ-ಅಮ್ಮ ಹೀಗೆ ಕೇಳಿಕೊಂಡಿದ್ದು ನೋಡಿದ್ದೀರಾ ಅಂತ ಕೇಳಿ, ಇಲ್ಲ ಅನ್ನುತ್ತಾರೆ. ಹಾಗಾದರೆ ಪ್ರೀತಿ ಎಲ್ಲಿ ಕಂಡಿತು? ಬೆಳಿಗ್ಗೆ ಐದಕ್ಕೆ ಎದ್ದು ಕಟ್ಟಿದ ಡಬ್ಬಿಯಲ್ಲಿ, ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಬಿಸಿ ಮಾಡಿದ ಸಾರಿನಲ್ಲಿ. ಆಮೇಲೆ ಗೋಲ್ಡೆಯ ಕೈಗೆ ಒಂದು ಮಡಚುವ ಬಟ್ಟೆ ಕೊಡಿ. ಹಾಡು ತಾನಾಗಿ ಕೂರುತ್ತದೆ. 10ನೇ ಕ್ಲಾಸಿನ ಮಕ್ಕಳಿಗೆ ದೊಡ್ಡ ಪಾತ್ರ ಬೇಡ, ಬೋರ್ಡ್ ಪರೀಕ್ಷೆಯ ಒತ್ತಡದಲ್ಲಿ ಅವರಿಗೂ ಕಷ್ಟ, ನಿಮಗೂ ಕಷ್ಟ.

ತಾಲೀಮು ಮೊದಲ ಹಾಡಿನಿಂದಲೇ ಶುರುವಾಗಲಿ, ಅದಕ್ಕೆ ಸಿಕ್ಕಾಪಟ್ಟೆ ಸಮಯ ಕೊಡಿ. ಅಪ್ಪಂದಿರು, ಅಮ್ಮಂದಿರು, ಗಂಡುಮಕ್ಕಳು, ಹೆಣ್ಣುಮಕ್ಕಳು ಅಂತ ನಾಲ್ಕು ಗುಂಪು. ಒಂದೊಂದು ಗುಂಪಿಗೆ ಅದರದ್ದೇ ಧಾಟಿ, ಕೊನೆಗೆ ನಾಲ್ಕೂ ಒಟ್ಟಿಗೆ, ಒಂದರ ಮೇಲೊಂದು. ನಮ್ಮ ಮಕ್ಕಳಿಗೆ ಇದು ಹೊಸದು, ಯಾಕೆಂದರೆ ನಾವು ಸಮೂಹಗಾನ ಅಂದರೆ ಎಲ್ಲರೂ ಒಂದೇ ಧಾಟಿ ಹಾಡುವುದು ಅಂತ ಅಭ್ಯಾಸ ಮಾಡಿಸಿರುತ್ತೇವೆ. ನಾಲ್ಕು ಗುಂಪನ್ನು ನಾಲ್ಕು ಕೋಣೆಯಲ್ಲಿ ಬೇರೆ ಬೇರೆ ಕಲಿಸಿ. ಕೋಣೆ ಇಲ್ಲದಿದ್ದರೆ ಒಂದು ಗುಂಪು ಮೆಟ್ಟಿಲ ಮೇಲೆ, ಒಂದು ಅಂಗಳದಲ್ಲಿ. ಧಾಟಿ ಗಟ್ಟಿಯಾದ ಮೇಲೆ ಎರಡೆರಡನ್ನು ಸೇರಿಸಿ, ಬೆನ್ನಿಗೆ ಬೆನ್ನು ಕೊಟ್ಟು ನಿಂತು ಹಾಡಿಸಿ. ಪಕ್ಕದವರ ಧಾಟಿಗೆ ಜಾರದೆ, ಆದರೆ ಕಿವಿ ಮುಚ್ಚಿಕೊಳ್ಳದೆ ಹಾಡುವುದು ಬರಬೇಕು. ಕೊನೆಗೆ ನಾಲ್ಕೂ ಸೇರಿದಾಗ ಒಂದು ಊರು ಎದ್ದು ನಿಂತ ಹಾಗೆ ಕೇಳಿಸುತ್ತದೆ.

ಈ ಹಾಡಿನಲ್ಲಿ ಪ್ರತಿಯೊಬ್ಬರಿಗೂ ಒಂದು ಕೈಕೆಲಸ ಕೊಡಿ. ಒಬ್ಬಳು ಹಿಟ್ಟು ನಾದುತ್ತಾಳೆ, ಒಬ್ಬ ದಾರ ಪೋಣಿಸುತ್ತಾನೆ, ಒಬ್ಬ ಓದುತ್ತಾನೆ. ಅದೇ ಕೆಲಸ ನಾಟಕದುದ್ದಕ್ಕೂ ಅವರದೇ. ಸಂಪ್ರದಾಯ ಅನ್ನುವುದನ್ನು ಗಡ್ಡ ಅಂಟಿಸಿ, ಕರಿ ಕೋಟು ಹಾಕಿ ತೋರಿಸಲಾಗುವುದಿಲ್ಲ, ದಿನಾ ಮಾಡಿ ಮಾಡಿ ಕೈಗೆ ಹತ್ತಿದ ಕೆಲಸದಲ್ಲಿ ಅದು ಕಾಣುತ್ತದೆ. ಇದೊಂದನ್ನು ಹಿಡಿದುಕೊಂಡರೆ ನಿಮ್ಮ ಅರ್ಧ ನಿರ್ದೇಶನ ಮುಗಿದ ಹಾಗೆ. ರಾಬಿನ್ಸ್ ಇದೇ ಹಾಡಿಗೆ ಊರವರನ್ನು ಕೈ ಹಿಡಿಸಿ ವೃತ್ತದಲ್ಲಿ ತಂದರು, ಕೊನೆಯಲ್ಲಿ ಅದೇ ವೃತ್ತ ಒಡೆದು ಎಲ್ಲರೂ ಬೇರೆ ಬೇರೆ ದಿಕ್ಕಿಗೆ ಹೋಗುತ್ತಾರೆ. ಯಾರು ಯಾರ ಕೈ ಹಿಡಿದಿದ್ದಾರೆ ಅನ್ನುವುದನ್ನು ಮೊದಲ ವಾರದಲ್ಲೇ ಗೊತ್ತುಮಾಡಿ, ಬದಲಾಯಿಸಬೇಡಿ.

ಸಂಗೀತಕ್ಕೆ ನಮ್ಮಲ್ಲಿ ಒಂದು ಒಳ್ಳೆಯ ದಾರಿ ಇದೆ. ಪೂರ್ವ ಯುರೋಪಿನ ಯಹೂದಿ ಸಂಗೀತದಲ್ಲಿ ಜಾಸ್ತಿ ಬರುವ ಒಂದು ಸ್ವರಶ್ರೇಣಿ ಕರ್ನಾಟಕ ಸಂಗೀತದ ವಕುಳಾಭರಣದ ಸ್ವರಗಳೇ, ಹಿಂದೂಸ್ತಾನಿಯವರು ಬಸಂತ್ ಮುಖಾರಿ ಅನ್ನುತ್ತಾರೆ. ಈ ನಾಟಕದ ಕೆಲವು ಹಾಡುಗಳಲ್ಲಿ ಆ ಬಣ್ಣ ಇದೆ. ಪಾಠಕ್ಕೆ ಹೋಗುವ ಮಕ್ಕಳಿದ್ದರೆ ಮೊದಲು ಆ ಸ್ವರಗಳನ್ನು ಹಾಡಿಸಿ, ಚಿಕ್ಕ ರಿಷಭದಿಂದ ಅಂತರ ಗಾಂಧಾರಕ್ಕೆ ಹಾರುವ ಜಾಗದಲ್ಲಿ ಕಿವಿ ಪಳಗುತ್ತದೆ. ಗಮಕ ಮಾತ್ರ ಹಾಕಕೂಡದು. ಸ್ವರ ಚೊಕ್ಕವಾಗಿ ನಿಲ್ಲಬೇಕು. ವಾದ್ಯಕ್ಕೆ ಪಿಟೀಲು, ಕ್ಲಾರಿನೆಟ್, ಅಕಾರ್ಡಿಯನ್ ಸಿಕ್ಕರೆ ಚೆಂದ. ಇಲ್ಲವಾದರೆ ಲೈಸೆನ್ಸಿನ ಜೊತೆ ಕೇಳಿ ಪಡೆಯುವ ಟ್ರ್ಯಾಕ್ ಹಾಕಿ, ಆದರೆ ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ, ಮಾತು ತಡವಾದರೆ ಹಾಡು ಓಡಿಹೋಗುತ್ತದೆ, ಆದ್ದರಿಂದ ಎರಡನೇ ತಿಂಗಳಿಂದಲೇ ಅದರ ಜೊತೆ ಅಭ್ಯಾಸ ಮಾಡಿಸಬೇಕು.

ನಾಟಕದ ಹೆಸರಿನಲ್ಲೇ ಇರುವ, ಮಾಡಿನ ಮೇಲೆ ಪಿಟೀಲು ನುಡಿಸುವವನ ಪಾತ್ರಕ್ಕೆ ಮಾತೇ ಇಲ್ಲ. ಕರ್ನಾಟಕ ಪಿಟೀಲು ಕಲಿತ ಮಗು ಇದ್ದರೆ ಅದಕ್ಕೇ ಕೊಡಬೇಕು ಅನ್ನಿಸುವುದು ಸಹಜ. ಆದರೆ ಆ ಮಗು ನೆಲದ ಮೇಲೆ ಕೂತು, ಪಿಟೀಲಿನ ತುದಿಯನ್ನು ಪಾದದ ಮೇಲೆ ಊರಿ ನುಡಿಸಿ ಅಭ್ಯಾಸ. ಇಲ್ಲಿ ನಿಂತು, ಗದ್ದದ ಕೆಳಗೆ ಹಿಡಿದು, ತೋಳು ಎತ್ತಿ ನುಡಿಸಬೇಕು. ಎಡಗೈಗೆ ಈಗ ಪಿಟೀಲಿನ ಭಾರವೂ ಬೀಳುತ್ತದೆ, ಬೆರಳು ಜಾರಿಸುವುದು ಕಷ್ಟವಾಗುತ್ತದೆ, ಭುಜ ಬಿಗಿಯುತ್ತದೆ. ದಿನಕ್ಕೆ ಹತ್ತು ನಿಮಿಷ ನುಡಿಸದೆ ಸುಮ್ನೆ ಹಿಡಿದು ನಡೆಯಲಿ, ಆಮೇಲೆ ಖಾಲಿ ತಂತಿ, ಆಮೇಲೆ ಧಾಟಿ. ಬರಲಿಲ್ಲವಾದರೆ ನಟಿಸಲಿ, ನಾದ ಪಕ್ಕದಿಂದ ಬರಲಿ. ಮೂಲ ಪ್ರದರ್ಶನದಲ್ಲೂ ನಾದ ವಾದ್ಯವೃಂದದ್ದೇ. ಮಾಡು ಅಂತ ಎತ್ತರದ್ದೇನೂ ಕಟ್ಟಬೇಡಿ, ಮೂರು ಅಡಿಯ ಗಟ್ಟಿ ಮೇಜಿನ ಮೇಲೆ ಇಳಿಜಾರಿನ ಚೌಕಟ್ಟು ಸಾಕು. ಸಂಘಗಳ ಚಿಕ್ಕ ರಂಗದಲ್ಲಿ ಅಷ್ಟೇ ಎತ್ತರ ಕಾಣುತ್ತದೆ.

ಯಹೂದಿ ಆಚರಣೆಗಳನ್ನು ಊಹೆಯಿಂದ ಮಾಡಬೇಡಿ. ನಾವು ಮುಂಬೈಯಲ್ಲಿದ್ದೇವೆ, ಇದು ನಮ್ಮ ಭಾಗ್ಯ. ಬೈಕುಲಾದಲ್ಲಿ 1864ರ ಮಾಗೆನ್ ಡೇವಿಡ್ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ ಇದೆ, ಫೋರ್ಟಿನಲ್ಲಿ 1884ರ ಕೆನೆಸೆತ್ ಎಲಿಯಾಹೂ ಇದೆ. ಎರಡೂ ಬಾಗ್ದಾದಿ ಯಹೂದಿಗಳಾದ ಸಸೂನ್ ಮನೆತನದವರು ಕಟ್ಟಿಸಿದ್ದು. ಮೊದಲೇ ಕೇಳಿಕೊಂಡು, ಎಲ್ಲರ ಗುರುತಿನ ಚೀಟಿ ಇಟ್ಟುಕೊಂಡು, ಚಿಕ್ಕ ಗುಂಪಿನಲ್ಲಿ ಹೋಗಿ. ಕೊಂಕಣದ ಬೆನೆ ಇಸ್ರೇಲಿ ಯಹೂದಿಗಳ ಕಥೆಯನ್ನೂ ಮಕ್ಕಳಿಗೆ ಹೇಳಿ. ಗಾಣದಲ್ಲಿ ಎಣ್ಣೆ ತೆಗೆಯುತ್ತಿದ್ದ, ಶನಿವಾರ ಮಾತ್ರ ಕೆಲಸ ಮಾಡದ ಈ ಜನರನ್ನು ಊರವರು ಶನಿವಾರ ತೇಲಿ ಅಂತ ಕರೆಯುತ್ತಿದ್ದರು. ಮರಾಠಿ ಅವರ ಮನೆಮಾತು. ಆದರೆ ಅನಾತೆವ್ಕಾದವರು ಯಿದ್ದಿಶ್ ಆಡುವ ಪೂರ್ವ ಯುರೋಪಿನವರು, ಉಡುಪು, ಹಾಡು, ಊಟ ಎಲ್ಲ ಬೇರೆ, ಅದು ಕಲಸಿಹೋಗದಿರಲಿ. ಶುಕ್ರವಾರ ಸಂಜೆ ಮನೆಯೊಡತಿ ದೀಪ ಹಚ್ಚಿ, ಕೈಯಿಂದ ಬೆಳಕನ್ನು ತನ್ನ ಕಡೆ ತಂದುಕೊಂಡು, ಕಣ್ಣು ಮುಚ್ಚಿ ಪ್ರಾರ್ಥಿಸುವುದನ್ನು ನಮ್ಮ ಮಕ್ಕಳು ಆರತಿ ತೆಗೆದುಕೊಂಡ ಹಾಗೆ ಮಾಡಿಬಿಡುತ್ತಾರೆ. ತಾಳ್ಮೆಯಿಂದ ತಿದ್ದಿ. ಮೇಣದ ಬತ್ತಿಗೆ ಬ್ಯಾಟರಿಯದ್ದೇ ಬಳಸಿ, ಪರದೆ ಹತ್ತಿರ ಬೆಂಕಿ ಬೇಡವೇ ಬೇಡ.

ಕನಸಿನ ದೃಶ್ಯದಲ್ಲಿ ನಿಮಗೆ ಸ್ವಲ್ಪ ಸ್ವಾತಂತ್ರ್ಯ ಇದೆ. ಝೈಟೆಲ್-ಮೋಟೆಲ್ ಮದುವೆಗೆ ಹೆಂಡತಿಯನ್ನು ಒಪ್ಪಿಸಲು ತೆವ್ಯೆ ಒಂದು ಕೆಟ್ಟ ಕನಸು ಕಟ್ಟಿ ಹೇಳುತ್ತಾನೆ, ಅದರಲ್ಲಿ ಕಟುಕನ ಸತ್ತ ಹೆಂಡತಿಯ ದೆವ್ವ ಬರುತ್ತದೆ. ಯಕ್ಷಗಾನ ಕಲಿತ ಮಕ್ಕಳು ಮುಂಬೈಯಲ್ಲಿ ಬೇಕಾದಷ್ಟಿದ್ದಾರೆ. ಇಬ್ಬರು ತೆರೆ ಹಿಡಿದು, ಮೊದಲು ಬೆರಳು, ಆಮೇಲೆ ತಲೆ, ಒಂದು ಕೂಗು, ಆಮೇಲೆ ತೆರೆ ಸರಿದು ಪ್ರವೇಶ, ಇಷ್ಟನ್ನು ಅಲ್ಲಿಂದ ತೆಗೆದುಕೊಳ್ಳಬಹುದು. ಕಿರೀಟ, ಬಣ್ಣ, ಚೆಂಡೆ ಬೇಡ. ಮದುವೆಯಲ್ಲಿ ತಲೆಯ ಮೇಲೆ ಬಾಟಲಿ ಇಟ್ಟುಕೊಂಡು ಕುಣಿಯುವ ನೃತ್ಯಕ್ಕೆ ಪ್ಲಾಸ್ಟಿಕ್ ಬಾಟಲಿಗೆ ಸ್ವಲ್ಪ ಮರಳು ತುಂಬಿ, ಚಪ್ಪಟೆ ಟೋಪಿಯ ಮೇಲೆ ಇಟ್ಟು ಅಭ್ಯಾಸ ಮಾಡಿಸಿ. ಮಂಡಿಯೂರಿ ಸರಿಯುವುದಿರುವುದರಿಂದ ಮಂಡಿಪಟ್ಟಿ ಕಡ್ಡಾಯ. ಪೂಜಾ ಕುಣಿತ ಗೊತ್ತಿರುವ ಹುಡುಗರು ಬೇಗ ಹಿಡಿಯುತ್ತಾರೆ. ಅದೇ ಮದುವೆಯಲ್ಲಿ ಗಂಡಸರು, ಹೆಂಗಸರ ನಡುವೆ ಒಂದು ಹಗ್ಗ ಇರುತ್ತದೆ, ಪೆರ್ಚಿಕ್ ಅದನ್ನು ದಾಟಿ ಹೋಡೆಲ್‌ಳನ್ನು ಕುಣಿಯಲು ಕರೆಯುತ್ತಾನೆ. ಆ ಹಗ್ಗ ದಪ್ಪಗೆ ಕಾಣಲಿ, ದಾಟುವ ಮುಂಚೆ ಒಂದು ಕ್ಷಣ ಎಲ್ಲರ ಕಣ್ಣೂ ಅದರ ಮೇಲಿರಲಿ.

ಮಕ್ಕಳು ತಮ್ಮ ಆಸೆ ಹೇಳಿದಾಗಲೆಲ್ಲ ತೆವ್ಯೆ ಪಕ್ಕಕ್ಕೆ ಸರಿದು, ಹೀಗೂ ಇದೆ, ಹಾಗೂ ಇದೆ ಅಂತ ತನ್ನೊಳಗೇ ತೂಗುತ್ತಾನೆ. ಉಳಿದವರು ಅಲ್ಲಾಡದೆ ನಿಲ್ಲಬೇಕು. ಮೊದಲ ಮಗಳ ಸಲ ಅವನು ಎರಡು ಹೆಜ್ಜೆ ಸರಿಯಲಿ, ಎರಡನೆಯವಳ ಸಲ ಇನ್ನೂ ದೂರ, ಖಾವಾಳ ಸಲ ರಂಗದ ಇನ್ನೊಂದು ತುದಿಗೆ. ಅಲ್ಲಿಂದ ಅವನು ವಾಪಸ್ ಬರುವುದಿಲ್ಲ. ಇಲ್ಲಿ ಹುಡುಗರು ಕಿರುಚುತ್ತಾರೆ, ಸಿನಿಮಾ ಅಪ್ಪನ ಹಾಗೆ ಕೈ ಎತ್ತುತ್ತಾರೆ. ನಿಲ್ಲಿಸಿ. ಹಾಲಿನ ಗಾಡಿಯ ಹಿಡಿ ಅವನ ಕೈಗೆ ಕೊಡಿ. ಮಗಳು ಮಾತಾಡುತ್ತಿರುವಾಗ ಅವನು ಗಾಡಿ ಎಳೆಯುತ್ತಲೇ ಇರಲಿ, ಅವಳು ಹಿಂದೆ ಬರಲಿ, ಗಾಡಿ ನಿಲ್ಲದಿರಲಿ. ಕೊನೆಯ ದೃಶ್ಯದಲ್ಲಿ ಊರು ಬಿಡುವಾಗ ಅವಳು ಮತ್ತೆ ಬರುತ್ತಾಳೆ. ಆಗ ಅವನು ಸಾಮಾನು ಕಟ್ಟುತ್ತಿರುತ್ತಾನೆ, ಅವಳನ್ನು ನೋಡದೆಯೇ ದೊಡ್ಡ ಮಗಳ ಮೂಲಕ ಒಂದು ಆಶೀರ್ವಾದ ತಲುಪಿಸುತ್ತಾನೆ. ಆ ಗಂಟು ನಿಜವಾಗಿ ಹಾಕಲು ಹುಡುಗನಿಗೆ ಕಲಿಸಿ. ಹಗ್ಗ ಎರಡು ಸುತ್ತು, ಎಳೆತ, ಮಾತು, ಮತ್ತೆ ಎಳೆತ. ಅಳಬೇಡ ಅಂತ ಹೇಳಿ.

ಮದುವೆಗೆ ದಾಳಿ ಮಾಡುವ ದೃಶ್ಯದಲ್ಲಿ ಬಡಿದಾಟ ಕಡಿಮೆ ಇರಲಿ, ಮೇಜು ಉರುಳಿದ ಸದ್ದು, ಹರಿದ ಹೊದಿಕೆ ಸಾಕು. ಪ್ರತಿ ಹೆಜ್ಜೆ ಎಣಿಸಿ ಕಲಿಸಿ. ಆ ಕಾಲದ ರಷ್ಯಾದಲ್ಲಿ ಯಹೂದಿಗಳು ಎಲ್ಲಿ ಬೇಕೋ ಅಲ್ಲಿ ವಾಸಿಸುವ ಹಾಗಿರಲಿಲ್ಲ, 1905ರಲ್ಲಿ ಅವರ ಮೇಲೆ ನಿಜವಾದ ಹತ್ಯಾಕಾಂಡಗಳು ನಡೆದವು ಅನ್ನುವುದನ್ನು ಒಂದು ಪೂರ್ತಿ ಕ್ಲಾಸ್ ತೆಗೆದುಕೊಂಡು ವಿವರಿಸಿ. ನಮ್ಮ ಅಜ್ಜಂದಿರೂ ಊರು ಬಿಟ್ಟೇ ಮುಂಬೈಗೆ ಬಂದವರಲ್ವಾ ಅಂತ ಮಕ್ಕಳು ಕೇಳುತ್ತಾರೆ. ಹೌದು, ಹೊಟ್ಟೆಪಾಡಿಗೆ ಬಂದರು, ಹಬ್ಬಕ್ಕೆ ವಾಪಸ್ ಹೋಗುವ ಮನೆ ಇತ್ತು. ಅನಾತೆವ್ಕಾದವರಿಗೆ ಅದಿರಲಿಲ್ಲ. ಈ ವ್ಯತ್ಯಾಸವನ್ನು ಮಕ್ಕಳ ಬಾಯಿಂದಲೇ ಹೇಳಿಸಿ.

ಉಳಿದದ್ದು ಬೇಗ ಹೇಳುತ್ತೇನೆ. ಬಟ್ಟೆಗೆ ದಾದರ್‌ನ ಹಿಂದ್‌ಮಾತಾದಲ್ಲಿ ಮಂಕು ಬಣ್ಣದ ಹತ್ತಿ ತಾನು ತನ್ನಿ, ಹೊಳೆಯುವುದು ಬೇಡ, ಎರಡು ಸಲ ಒಗೆದು ಹಳೆಯದು ಮಾಡಿ. ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರ ಯಾವುದಾದರೂ ಟೈಲರ್ ಹತ್ತಿರ ಮೂಲೆಯಲ್ಲಿ ಬಿದ್ದಿರುತ್ತದೆ, ಕೇಳಿದರೆ ಕೊಡುತ್ತಾರೆ. ಹಾಲಿನ ಕ್ಯಾನು ಖಾಲಿಯದ್ದೇ ಆದರೂ ತುಂಬಿದ ಹಾಗೆ ಎತ್ತುವುದನ್ನು ಕಲಿಸಿ, ಒಂದು ಸಲ ನೀರು ತುಂಬಿ ಎತ್ತಿಸಿದರೆ ಮೈಗೆ ಗೊತ್ತಾಗುತ್ತದೆ. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಹಾಡು, ಮಳೆಗಾಲ ಪೂರ್ತಿ ಹಾಡೇ. ಗಣಪತಿ ಹಬ್ಬದ ವಾರ ಏನೂ ಇಟ್ಟುಕೊಳ್ಳಬೇಡಿ. ದೀಪಾವಳಿ ರಜೆಯಲ್ಲಿ ಇಡೀ ದಿನದ ತಾಲೀಮು, ಡಿಸೆಂಬರಿನಲ್ಲಿ ಪ್ರದರ್ಶನ. ಡೊಂಬಿವಲಿ, ಮೀರಾ ರೋಡ್ ಕಡೆಯಿಂದ ಬರುವ ಮಕ್ಕಳಿರುತ್ತಾರೆ, ಸಂಜೆ ಏಳಕ್ಕೆ ಮುಗಿಸಿ ಗುಂಪಾಗಿ ಸ್ಟೇಷನ್ನಿಗೆ ಕಳಿಸಿ. ಪ್ರದರ್ಶನ ಭಾನುವಾರವಾದರೆ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಯಾವ ಲೈನಿನಲ್ಲಿದೆ ಅಂತ ಹಿಂದಿನ ದಿನವೇ ನೋಡಿ ಪಾಲಕರಿಗೆಲ್ಲ ಮೆಸೇಜ್ ಹಾಕಿ, ತೆವ್ಯೆ, ಗೋಲ್ಡೆ ಮತ್ತು ಲೈಟಿನ ಹುಡುಗ ಇವರು ಮೂವರನ್ನಂತೂ ಬೆಳಿಗ್ಗೆಯೇ ಹಾಲಿಗೆ ಕರೆಸಿಕೊಂಡು ಅಲ್ಲೇ ಊಟ ಹಾಕಿಸಿ.